ಪ್ರೋಟೀನಿನ ‘ಡೊಮೇನ್’ ಅಂದರೇನು? ಅದು ಕೆಟ್ಟರೆ ವಂಶಪಾರಂಪರ್ಯ ಕಾಯಿಲೆ ಹೇಗೆ ಬರುತ್ತದೆ?

ಪ್ರೋಟೀನಿನ ಉದ್ದನೆಯ ಎಳೆಯಲ್ಲಿ ತಾನಾಗಿಯೇ ಮಡಚಿಕೊಂಡು, ತನ್ನದೇ ಒಂದು ಕೆಲಸ ಮಾಡುವ ತುಂಡೇ ಡೊಮೇನ್. ಸುಮ್ನೆ ವ್ಯಾಖ್ಯಾನ ಕೊಡುವ ಬದಲು ಪ್ಯಾಕ್ಸ್6 ನೋಡೋಣ.

ಭ್ರೂಣದಲ್ಲಿ ಕಣ್ಣು ಬೆಳೆಯುವಾಗ ಬೇರೆ ಜೀನ್‌ಗಳನ್ನು ಆನ್-ಆಫ್ ಮಾಡುವ ಪ್ರೋಟೀನ್ ಇದು. 422 ಅಮೈನೊ ಆಮ್ಲಗಳ ಉದ್ದ. ಡಿಎನ್‌ಎ ಹಿಡಿಯಲು ಎರಡು ಕೈಗಳಿವೆ: 128 ಅಮೈನೊ ಆಮ್ಲಗಳ ಪೇರ್ಡ್ ಡೊಮೇನ್, 60ರ ಹೋಮಿಯೊಡೊಮೇನ್. (1995ರಲ್ಲಿ ಹಣ್ಣಿನ ನೊಣದಲ್ಲಿ ಇದೇ ಪ್ರೋಟೀನ್ ತಯಾರಿಸುವ ಜೀನನ್ನು ತಪ್ಪು ಜಾಗದಲ್ಲಿ ಆನ್ ಮಾಡಿದಾಗ ಕಾಲು, ರೆಕ್ಕೆಗಳ ಮೇಲೂ ಕಣ್ಣು ಮೂಡಿತ್ತು!)

ಪ್ಯಾಕ್ಸ್6 ತಯಾರಿಸುವ ಜೀನ್ ನಮಗೆ ಅಮ್ಮನಿಂದ ಒಂದು, ಅಪ್ಪನಿಂದ ಒಂದು ಬಂದಿರುತ್ತದೆ. ಒಂದು ಕೆಟ್ಟರೆ ಇನ್ನೊಂದು ಸಾಕಲ್ವಾ? ಇಲ್ಲಿ ಸಾಲದು. ಪ್ರೋಟೀನಿನ ಪ್ರಮಾಣ ಅರ್ಧಕ್ಕಿಳಿದರೆ ಅನಿರಿಡಿಯಾ ಎಂಬ ಕಣ್ಣಿನ ಕಾಯಿಲೆ ಬರುತ್ತದೆ. ಪಾಪೆಯ ಸುತ್ತಲಿನ ಬಣ್ಣದ ಪರದೆಯೇ ಇರುವುದಿಲ್ಲ, ಇದ್ದರೂ ಅಂಚಿನಲ್ಲಿ ಚೂರು. ಬಿಸಿಲಿಗೆ ಕಣ್ಣು ಬಿಡುವುದೇ ಕಷ್ಟ. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಸಾಮಾನ್ಯವಾಗಿ 50% ಸಾಧ್ಯತೆ.

ಪೇರ್ಡ್ ಡೊಮೇನ್‌ನಲ್ಲಿ ಒಂದೇ ಅಮೈನೊ ಆಮ್ಲ ಬದಲಾದರೆ ಕಥೆ ಬೇರೆ. ಪ್ರೋಟೀನ್ ತಯಾರಾಗುತ್ತದೆ, ಆದರೆ ಡಿಎನ್‌ಎ ಮೇಲಿನ ಹಿಡಿತ ಕೆಡಬಹುದು. ಕೆಲವರಲ್ಲಿ ಬಣ್ಣದ ಪರದೆ ಸರಿಯಾಗೇ ಇದ್ದು, ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರ) ನಡುಭಾಗ ಮಾತ್ರ ಪೂರ್ತಿ ಬೆಳೆದಿರುವುದಿಲ್ಲ.