ಎಪ್ಪತ್ತಮೂರು ಅಂಕ ಗಳಿಸಿಯೂ ಸೋತವರು

ಪತ್ರ: ಕಳೆದ ಸಂಚಿಕೆಯಲ್ಲಿ ಗ್ರೀಸಿನ ಬಾಸ್ಕೆಟ್‌ಬಾಲ್ ಕೋಚ್ ಪನಾಯೋಟಿಸ್ ಯಾನ್ನಾಕಿಸ್ ಅವರಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಪಂದ್ಯ ಗೆಲ್ಲಿಸುವವರು ಅಂಕ ಗಳಿಸುವವರು. ಗೆರೆಯಾಚೆ ನಿಂತು ಕೈ ಬೀಸುವವರಿಗೆ ಇಷ್ಟು ಮರ್ಯಾದೆ ಏಕೆ? 1987ರ ಫೈನಲ್‌ನಲ್ಲಿ 40 ಅಂಕ ಗಳಿಸಿದ ನಿಕೋಸ್ ಗಾಲಿಸ್ ಅವರ ಒಂದು ಚಿತ್ರವನ್ನೂ ಹಾಕಿಲ್ಲವಲ್ಲ! – ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ:

ಮಾನ್ಯರೇ, ಗಾಲಿಸ್ ಅವರ ಚಿತ್ರ ಬಿಟ್ಟುಹೋದದ್ದು ನಮ್ಮ ತಪ್ಪು, ಒಪ್ಪಿಕೊಂಡೆ. ಅಂಕ ಬರದೆ ಪಂದ್ಯ ಗೆಲ್ಲಲಾಗದು ಎಂಬುದೂ ನಿಜವೇ. ಆದರೆ ಇಷ್ಟು ಶ್ರದ್ಧೆಯಿಂದ ಆಟ ನೋಡುವ ತಾವೇ ‘ಕೈ ಬೀಸುವವರು’ ಎಂದು ಬರೆದದ್ದು ಮನಸ್ಸಿಗೆ ಸ್ವಲ್ಪ ಚುಚ್ಚಿತು.

ಅಂಕ ಗಳಿಸುವುದೆಂದರೆ ಏನೆಂದು ಯಾನ್ನಾಕಿಸ್ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1981ರ ಜನವರಿಯಲ್ಲಿ, ತಮ್ಮ ಊರಾದ ನಿಕೇಯಾದ ಇಯೊನಿಕೋಸ್ ತಂಡದ ಪರವಾಗಿ ಅವರು ಒಂದೇ ಪಂದ್ಯದಲ್ಲಿ 73 ಅಂಕ ಗಳಿಸಿದರು. ಎದುರಿಗಿದ್ದದ್ದು ಥೆಸಲೋನಿಕಿಯ ಅರಿಸ್ ತಂಡ. ಅಲ್ಲಿ ನಿಮ್ಮ ಗಾಲಿಸ್ 62 ಗಳಿಸಿದರು. ಗೆದ್ದದ್ದು ಅರಿಸ್, 114-113. ಆಗ ಯಾನ್ನಾಕಿಸ್ ಅವರಿಗೆ ಇಪ್ಪತ್ತೆರಡು ವರ್ಷ. ಮೂರು ವರ್ಷಗಳ ನಂತರ, 1984ರಲ್ಲಿ, ಅವರು ಅದೇ ಅರಿಸ್ ತಂಡವನ್ನು ಸೇರಿ, ತಮ್ಮನ್ನು ಒಂದು ಅಂಕದಿಂದ ಸೋಲಿಸಿದವರ ಕೈಗೆ ಚೆಂಡು ಕೊಡುವ ಕೆಲಸವನ್ನು ಒಪ್ಪಿಕೊಂಡರು. ಅರಿಸ್ 1985ರಿಂದ 1991ರವರೆಗೆ ಸತತ ಏಳು ವರ್ಷ ಗ್ರೀಕ್ ಚಾಂಪಿಯನ್ ಆಯಿತು. ನೀವು ನೆನಪಿಸಿದ 1987ರ ಯುರೋಪಿಯನ್ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟವನ್ನು ಹೆಚ್ಚುವರಿ ಅವಧಿಯಲ್ಲಿ 103-101ರಿಂದ ಮಣಿಸಿದ ಗ್ರೀಸಿನ ನಾಯಕರೂ ಇವರೇ. ಆ ಕೊನೆಯ ಎರಡು ಅಂಕಗಳು ಗಾಲಿಸ್ ಅವರವೂ ಅಲ್ಲ. ಕಂಬೂರಾಸ್ ಎಂಬವರ ಎರಡು ಫ್ರೀ ಥ್ರೋಗಳಿಂದ ಬಂದವು. ಪತ್ರದಲ್ಲಿ ಅವರ ಹೆಸರು ಕಾಣಲಿಲ್ಲ!

ನನ್ನ ಮಟ್ಟಿಗೆ ಯಾನ್ನಾಕಿಸ್ ಕೋಚ್ ಆದದ್ದು ಆ 1984ರಲ್ಲಿಯೇ. ರಾಷ್ಟ್ರೀಯ ತಂಡದ ಹೊಣೆ ಎರಡನೆಯ ಬಾರಿ ಅವರ ಕೈಗೆ ಬಂದದ್ದು 2004ರಲ್ಲಿ. ಮರುವರ್ಷ ಬೆಲ್‌ಗ್ರೇಡ್‌ನಲ್ಲಿ, ಸೆಮಿಫೈನಲ್‌ನಲ್ಲಿ ಫ್ರಾನ್ಸನ್ನು 67-66ರಿಂದ, ಫೈನಲ್‌ನಲ್ಲಿ ತಾರಾ ಆಟಗಾರ ನೊವಿಟ್ಸ್ಕಿ ಇದ್ದ ಜರ್ಮನಿಯನ್ನು 78-62ರಿಂದ ಸೋಲಿಸಿ ಗ್ರೀಸ್ ಮತ್ತೆ ಯುರೋಪಿನ ಚಾಂಪಿಯನ್ ಆಯಿತು. ಆಟಗಾರನಾಗಿಯೂ ಕೋಚ್ ಆಗಿಯೂ ಅವರು ಆ ಪಟ್ಟ ಗೆದ್ದರು.

ಇನ್ನು 2006ರ ಸೆಪ್ಟೆಂಬರ್ 1, ಜಪಾನಿನ ಸೈತಾಮಾ, ವಿಶ್ವಕಪ್ ಸೆಮಿಫೈನಲ್. ಎದುರಿಗೆ ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್, ಕಾರ್ಮೆಲೊ ಆಂಥನಿ ಇದ್ದ ಅಮೆರಿಕ. ಎರಡನೆಯ ಕ್ವಾರ್ಟರ್‌ನಲ್ಲಿ ಗ್ರೀಸ್ 12 ಅಂಕ ಹಿಂದಿತ್ತು. ಆಮೇಲೆ ಗ್ರೀಸಿನವರು ಆಡಿದ್ದು ಶಾಲಾ ಹುಡುಗರಿಗೂ ಗೊತ್ತಿರುವ ಪಿಕ್ ಅಂಡ್ ರೋಲ್. ಭಾರೀ ಮೈಕಟ್ಟಿನ ಸ್ಕೋರ್ಟ್ಸಿಯಾನಿಟಿಸ್ ಬಂದು ಎದುರಾಳಿ ರಕ್ಷಕನ ದಾರಿಗೆ ಅಡ್ಡ ನಿಲ್ಲುತ್ತಾರೆ. ಚೆಂಡು ಹಿಡಿದ ಪಪಲೂಕಾಸ್, ಈ ದೈತ್ಯನ ಭುಜಕ್ಕೆ ಒತ್ತಿಕೊಂಡೇ ಮುಂದೆ ಸರಿಯುತ್ತಾರೆ. ಇಬ್ಬರು ರಕ್ಷಕರೂ ಪಪಲೂಕಾಸ್ ಮೇಲೆ ಬಿದ್ದ ಕ್ಷಣಕ್ಕೆ ಆ ದೈತ್ಯ ಬುಟ್ಟಿಯತ್ತ ತಿರುಗಿರುತ್ತಾನೆ, ಚೆಂಡೂ ಅಲ್ಲಿಗೆ ತಲುಪಿರುತ್ತದೆ. ಅಮೆರಿಕದವರಿಗೆ ಇದಕ್ಕೆ ಕೊನೆಯವರೆಗೂ ಉತ್ತರ ಸಿಗಲಿಲ್ಲ. 101-95. ಗ್ರೀಸಿನ ಸ್ಪನೂಲಿಸ್ 22 ಅಂಕ ಗಳಿಸಿದರು, ಸರಿ. ಪಪಲೂಕಾಸ್ ಗಳಿಸಿದ್ದು ಎಂಟೇ ಅಂಕ, ಆದರೆ ಕೊಟ್ಟ ಅಸಿಸ್ಟ್‌ಗಳು, ಎಂದರೆ ಜೊತೆಗಾರರ ಅಂಕವಾಗಿ ಮುಗಿದ ಪಾಸ್‌ಗಳು, ಹನ್ನೆರಡು. ಪಂದ್ಯದ ನಂತರ ಅಮೆರಿಕದ ಕೋಚ್ ಗ್ರೀಕ್ ಆಟಗಾರರನ್ನು ಹೆಸರಿನಿಂದಲ್ಲ, ಜೆರ್ಸಿಯ ಸಂಖ್ಯೆಯಿಂದ ಗುರುತಿಸಿ ಮಾತನಾಡಿದರು.

ಅವರನ್ನು ದೂರುವ ಯೋಗ್ಯತೆ ನನಗಿಲ್ಲ. ಆ ರಾತ್ರಿ ನಾನು ಒಂದು ದಿನಪತ್ರಿಕೆಯ ಕ್ರೀಡಾ ಪುಟ ಕಟ್ಟುತ್ತಿದ್ದೆ. ‘ಅಮೆರಿಕಕ್ಕೆ ಆಘಾತ’ ಎಂದು ಶೀರ್ಷಿಕೆ ಕೊಟ್ಟು, ತಲೆ ತಗ್ಗಿಸಿದ ಲೆಬ್ರಾನ್ ಅವರ ಚಿತ್ರ ಹಾಕಿ ಮನೆಗೆ ಹೋದೆ. ಗೆದ್ದ ತಂಡದ ಕೋಚ್ ಯಾರೆಂಬ ಸಾಲು ಜಾಗ ಸಾಲದೆಂದು ಕತ್ತರಿಯ ಪಾಲಾಯಿತು. ನಮ್ಮ ಕ್ರೀಡಾ ಪುಟಗಳು ಇಂದಿಗೂ ಹಾಗೆಯೇ ಇವೆ: ಗೋಲು ಹೊಡೆದವನಿಗೆ ಮೂರು ಕಾಲಂ, ಚೆಂಡು ಕೊಟ್ಟವನಿಗೆ ಆವರಣದೊಳಗಿನ ಹೆಸರು, ಕೋಚ್ ಸುದ್ದಿಯಾಗುವುದು ಕೆಲಸದಿಂದ ತೆಗೆದ ದಿನ. ಇವನ್ನು ಓದಿ ಬೆಳೆದ ಮಕ್ಕಳು ಪಾಸ್ ಕೊಡಲು ಎಲ್ಲಿಂದ ಕಲಿಯಬೇಕು, ಹೇಳಿ.

ಎರಡು ದಿನಗಳ ನಂತರದ ಫೈನಲ್‌ನಲ್ಲಿ ಗ್ರೀಸ್ ಸ್ಪೇನ್ ಎದುರು 70-47ರಿಂದ ಸೋತದ್ದನ್ನು ಮುಂದಿನ ಪತ್ರದಲ್ಲಿ ನೀವು ಎತ್ತಬಹುದು. 2010ರಲ್ಲಿ ಯಾನ್ನಾಕಿಸ್ ಅವರ ಒಲಿಂಪಿಯಾಕೋಸ್ ತಂಡ ಯುರೋಪಿನ ಕ್ಲಬ್‌ಗಳ ಯುರೋಲೀಗ್ ಫೈನಲ್‌ನಲ್ಲಿ ಬಾರ್ಸಿಲೋನಾಕ್ಕೆ ಮಣಿದದ್ದೂ, 2013ರಲ್ಲಿ ಅವರ ಚೀನಾ ತಂಡ ಏಷ್ಯಾ ಕೂಟದಲ್ಲಿ ಐದನೆಯ ಸ್ಥಾನಕ್ಕೆ ಇಳಿದದ್ದೂ ನಿಜವೇ. ನಲವತ್ತು ವರ್ಷ ಅಂಗಳದಲ್ಲಿ ಕಳೆದವರ ಲೆಕ್ಕದಲ್ಲಿ ಸೋಲುಗಳೂ ಇರುತ್ತವೆ.

ಮುಂದಿನ ಸಂಚಿಕೆಯಲ್ಲಿ ಗಾಲಿಸ್ ಅವರ ಚಿತ್ರ ಖಂಡಿತ ಬರುತ್ತದೆ. ಚೌಕಟ್ಟಿನ ಅಂಚಿನಲ್ಲಿ ಯಾನ್ನಾಕಿಸ್ ಇರುವ ಚಿತ್ರವೇ ಸಿಕ್ಕಿದರೆ, ಈ ಸಲ ಅಂಚನ್ನು ಕತ್ತರಿಸಬೇಡಿರೆಂದು ವಿನ್ಯಾಸದವರಿಗೆ ಹೇಳಿಟ್ಟಿದ್ದೇನೆ.