ವ್ಯಾಸರು ಒಂದನೇ ಕ್ಲಾಸು, ಗಣಪ ಐದನೇ ಕ್ಲಾಸು

ಓದುಗರ ಪ್ರಶ್ನೆಗಳಿಗೆ ನಿವೃತ್ತ ಪ್ರೈಮರಿ ಶಾಲಾ ಶಿಕ್ಷಕಿಯ ಉತ್ತರ

ಪ್ರಶ್ನೆ: ಟೀಚರ್, ನಮಸ್ಕಾರ. ನಮ್ಮ ಬಡಾವಣೆಯ ಮಕ್ಕಳಿಗೆ ಪ್ರತಿ ಶನಿವಾರ ಸಂಜೆ ಕನ್ನಡದಲ್ಲಿ ಕಥೆ ಬರೆಯೋದು ಹೇಳಿಕೊಡುತ್ತಿದ್ದೇನೆ. ಹದಿನಾಲ್ಕು ಮಕ್ಕಳು, ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೆ. ‘ನನ್ನ ನಾಯಿಮರಿ’ ಅಂತ ವಿಷಯ ಕೊಟ್ಟರೆ ದೊಡ್ಡವರು ಐದು ನಿಮಿಷದಲ್ಲಿ ಹತ್ತು ಸಾಲು ಗೀಚಿ ‘ಆಯ್ತು ಆಂಟಿ’ ಅನ್ನುತ್ತಾರೆ. ಚಿಕ್ಕವರು ನಾಯಿ ಚಿತ್ರಕ್ಕೆ ಬಣ್ಣ ಹಚ್ಚುತ್ತಾ ಕೂತಿರುತ್ತಾರೆ. ಎರಡು ಬ್ಯಾಚ್ ಮಾಡುವಷ್ಟು ಸಮಯ ನನಗಿಲ್ಲ. ಏನು ಮಾಡಲಿ?
— ಒಬ್ಬ ಓದುಗರು, ಕತ್ರಿಗುಪ್ಪೆ

ಉತ್ತರ: ಸಮಯ ಇದ್ದರೂ ಎರಡು ಬ್ಯಾಚ್ ಮಾಡಬೇಡಿ. ಹದಿನಾಲ್ಕು ಮಕ್ಕಳು ಒಟ್ಟಿಗೆ ಸಿಕ್ಕಿದ್ದಾರಲ್ಲ, ಅದೇ ನಿಮ್ಮ ಬಂಡವಾಳ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೇ ಬೋರ್ಡಿನ ಮೇಲೆ ‘ಮಳೆಗಾಲದ ಒಂದು ದಿನ’ ಅಂತ ಬರೆದು ಕೈ ಕಟ್ಟಿ ನಿಂತಿದ್ದೆ. ದೊಡ್ಡವರು ‘ಮಳೆಯು ಪ್ರಕೃತಿಯ ಕೊಡುಗೆ’ ಅಂತ ಗೈಡಿನ ಪ್ರಬಂಧ ಇಳಿಸಿದರು. ಚಿಕ್ಕವರು ಕೊಡೆ ಬರೆದರು. ಎಲ್ಲರ ಹಾಳೆಯನ್ನೂ ಓದಿದೆ. ಒಂದು ಹನಿ ನೀರೂ ಕಾಣಲಿಲ್ಲ!

ಆಮೇಲೆ ನಲಿಕಲಿ ಬಂತು, ಚಿಕ್ಕ ತರಗತಿಯ ಮಕ್ಕಳು ಆಡುತ್ತಾ ಕಲಿಯುವ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ. ಟೀಚರ್ ಪೂರ್ತಿ ಜೊತೆಗಿರುವ ಗುಂಪು ಒಂದು, ಜೊತೆಯ ಮಕ್ಕಳೇ ನೆರವಾಗುವ ಗುಂಪು ಒಂದು, ತಾನೇ ಕಲಿಯುವ ಗುಂಪು ಇನ್ನೊಂದು. ತಲೆ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳು ಬರೆದಿದ್ದು, ಬಿಡಿಸಿದ್ದು ತೂಗುತ್ತಿರುತ್ತದೆ. ನಲಿಕಲಿ ಬಗ್ಗೆ ನನಗೂ ತಕರಾರುಗಳಿವೆ, ಪಾಠದ ಕಾರ್ಡು ಜೋಡಿಸಿಡೋದರಲ್ಲೇ ಅರ್ಧ ಜೀವ ಹೋಗುತ್ತಿತ್ತು. ಆದರೆ ಒಂದು ವಿಷಯ ಅಲ್ಲೇ ಕಣ್ಣಿಗೆ ಬಿತ್ತು. ಒಂದನೇ ಕ್ಲಾಸಿನ ಮಗುವಿಗೆ ಕಥೆ ಬರೋಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಬಾರದೇ ಇರೋದು ಕಥೆಯಲ್ಲ, ಬರವಣಿಗೆ. ಬಾಯಲ್ಲಿ ಕಥೆ ಇರುತ್ತದೆ, ಕೈ ಇನ್ನೂ ಒತ್ತಕ್ಷರ ಕಲಿತಿರೋಲ್ಲ, ಅಷ್ಟೇ. ‘ಅಜ್ಜಿ’ ಅಂತ ಬರೆಯೋಕೆ ಒದ್ದಾಡುವಷ್ಟರಲ್ಲಿ ಅಜ್ಜಿಗೆ ಏನಾಯಿತು ಅನ್ನೋದೇ ಮರೆತುಹೋಗುತ್ತದೆ. ಐದನೇ ಕ್ಲಾಸಿನವರದ್ದು ಇದರ ಉಲ್ಟಾ. ಕೈ ಓಡುತ್ತದೆ, ಕಥೆ ಮಾತ್ರ ಪುಸ್ತಕದ್ದು.

ಹಾಗಾಗಿ ನನ್ನ ಶನಿವಾರದ ಕಥೆ ಕ್ಲಾಸಿನಲ್ಲಿ ನಾನು ಮಾಡಿದ್ದು ಇಷ್ಟು. ಒಬ್ಬ ಚಿಕ್ಕವರಿಗೆ ಒಬ್ಬ ದೊಡ್ಡವರನ್ನು ಜೋಡಿ ಮಾಡಿದೆ. ವ್ಯಾಸರು ಹೇಳಿದರು, ಗಣಪತಿ ಬರೆದ ಅಂತ ಕಥೆ ಇದೆಯಲ್ಲ, ಅದನ್ನು ಹೇಳಿದೆ. ‘ಇವತ್ತು ನೀನು ವ್ಯಾಸ, ನೀನು ಗಣಪ.’ ಮಕ್ಕಳಿಗೆ ಎಷ್ಟು ಹಿಡಿಸಿತು ಅಂದರೆ, ಪೆನ್ಸಿಲ್ ಮೊನೆ ಮುರಿದರೆ ‘ಮಿಸ್, ದಂತ ಮುರೀತು’ ಅಂತ ಕೂಗೋರು. ಶಾರ್ಪ್‌ನರ್‌ಗೆ ಏನೋ ಒಂದು ಹೆಸರಿಟ್ಟಿದ್ದರು, ಮರೆತಿದ್ದೇನೆ.

ಆ ಕಥೆಯಲ್ಲೇ ನಮಗೆ ಬೇಕಾದ ಎರಡು ಷರತ್ತೂ ಇವೆ ನೋಡಿ. ಹೇಳೋದು ನಿಲ್ಲಬಾರದು ಅಂತ ಗಣಪ ಅಂದ. ಅರ್ಥವಾಗದೆ ಒಂದು ಸಾಲೂ ಬರೆಯಬಾರದು ಅಂತ ವ್ಯಾಸರು ಅಂದರು. ನಮ್ಮ ಗಣಪನೂ ಹಾಗೇ. ಅರ್ಥವಾಗದಿದ್ದರೆ ಕೇಳಲೇಬೇಕು. ಆದರೆ ತನ್ನ ಮಾತು ಸೇರಿಸೋ ಹಾಗಿಲ್ಲ, ಹೇಳಿದ ಹಾಗೇ ಬರೆಯಬೇಕು.

ಹೇಳಿದ ಹಾಗೇ ಬರೆಯೋದು ಸುಲಭ ಅಲ್ಲ. ಕಟ್ಟಡದ ಕೆಲಸಕ್ಕೆ ಅಂತ ಕಲಬುರಗಿ ಕಡೆಯಿಂದ ಬಂದ ಮನೆಯ ಒಂದು ಹುಡುಗಿ ‘ಅವ್ವ ನಾ ಹೊಂಟೀನಿ ಅಂದ್ಲು’ ಅಂತ ಹೇಳಿದಳು. ನಮ್ಮ ಐದನೇ ಕ್ಲಾಸಿನ ಗಣಪ ‘ಅಮ್ಮ ನಾನು ಹೊರಟಿದ್ದೇನೆ ಎಂದಳು’ ಅಂತ ತಿದ್ದಿ ಬರೆದ. ಓದಿ ಹೇಳಿದಾಗ ಹುಡುಗಿ ಮುಖ ಸಣ್ಣದಾಯಿತು. ‘ಇದು ನಮ್ಮವ್ವ ಅಲ್ಲ’ ಅಂದಳು. ಹುಡುಗ ರಬ್ಬರ್ ತಗೊಂಡು ಮತ್ತೆ ಬರೆದ. ಸಂಭಾಷಣೆ ಬರೆಯೋದು ಹೇಗೆ ಅಂತ ಆಮೇಲೆ ನಾನು ಅವನಿಗೆ ಬೇರೆ ಪಾಠ ಮಾಡಬೇಕಾಗಲಿಲ್ಲ.

ಇನ್ನು ಕೇಳುವ ಪ್ರಶ್ನೆ. ನಲಿಕಲಿಯಲ್ಲಿ ಅಕ್ಷರ ಅ, ಆ, ಇ, ಈ ಅಂತ ಸಾಲಾಗಿ ಬರೋಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ. ಈ ಐದೇ ಅಕ್ಷರದಲ್ಲಿ ಎಷ್ಟು ಪದ ಆಗುತ್ತದೆ ಎಣಿಸಿ: ಅರಸ, ಸರ, ಗರಗಸ, ದಸರ. ಒಂದು ಕಥೆಗೆ ಇಷ್ಟು ಸಾಲದಾ? ಒಂದು ದಿನ ಚಿಕ್ಕವರಿಗೆ ಅರಸ, ಸರ, ಗರಗಸ ಮೂರೂ ಪದ ಕೊಟ್ಟೆ. ಆರು ವರ್ಷದವನೊಬ್ಬ ಹೇಳಿದ: ಅರಸನ ಕುತ್ತಿಗೆಗೆ ಸರ ಸಿಕ್ಕಿಹಾಕಿಕೊಂಡಿತು, ಬಿಚ್ಚೋಕೆ ಆಗಲಿಲ್ಲ, ಗರಗಸ ತಂದರು. ಗಣಪ ಬರೆಯೋದು ನಿಲ್ಲಿಸಿ ಕೇಳಿದ, ‘ಲೋ, ಕತ್ತು ಕುಯ್ದುಹೋಗಲ್ವಾ?’ ಚಿಕ್ಕವನು ಒಂದು ಕ್ಷಣ ಸುಮ್ಮನಿದ್ದು, ‘ಅದಕ್ಕೇ ಅರಸ ಅತ್ತ’ ಅಂದ. ಅಲ್ಲಿಯವರೆಗೂ ಅದು ಮೂರು ಪದದ ಆಟ. ಆ ಪ್ರಶ್ನೆ ಬಿದ್ದ ಮೇಲೆ ಕಥೆಯಾಯಿತು. ಅರಸ, ಸರ, ಗರಗಸ ಮೂರನ್ನೂ ಚಿಕ್ಕವನ ಕೈಯಲ್ಲೇ ಬರೆಸಿದೆವು, ಮಿಕ್ಕಿದ್ದು ಗಣಪನದು. ನಿಮ್ಮಲ್ಲೂ ಹೀಗೇ ಮಾಡಿ. ಮಗುವಿಗೆ ಬರುವ ಪದದ ಜಾಗ ಖಾಲಿ ಬಿಡಿ, ಅದೇ ಬಂದು ತುಂಬಲಿ.

ಮೂರನೇ ಕ್ಲಾಸಿನವರು ಸ್ವಲ್ಪ ಕಷ್ಟ. ವ್ಯಾಸನೂ ಅಲ್ಲ, ಗಣಪನೂ ಅಲ್ಲ. ತಾವೇ ಬರೆಯುತ್ತಾರೆ, ಮೂರು ಸಾಲಿಗೆ ‘ಮುಗೀತು ಮಿಸ್’. ಅವರಿಗೆ ಕಾಗಕ್ಕ ಗುಬ್ಬಕ್ಕನ ಕಥೆ ನೆನಪಿಸಿ. ಮಳೆಗೆ ಸಗಣಿ ಮನೆ ಕೊಚ್ಚಿಹೋದ ಕಾಗಕ್ಕ ಬಾಗಿಲು ತಟ್ಟಿದಾಗಲೆಲ್ಲ ಗುಬ್ಬಕ್ಕ ಒಂದೊಂದು ನೆಪ ಹೇಳುತ್ತಾಳಲ್ಲ? ಮಗುವಿಗೆ ಸ್ನಾನ ಮಾಡಿಸ್ತಿದ್ದೀನಿ, ತಲೆ ಬಾಚ್ತಿದ್ದೀನಿ ಅಂತ. ನಿಮ್ಮ ಕಥೆಯಲ್ಲೂ ಯಾರಾದರೂ ಮೂರು ಸಲ ಬಾಗಿಲು ತಟ್ಟಲಿ ಅನ್ನಿ. ಮೂರು ಸಾಲು ಒಂದು ಪುಟ ಆಗುತ್ತದೆ. ಓದುವಾಗ ‘ಬಾಗಿಲು ತೆಗಿ’ ಅನ್ನೋದನ್ನು ಚಿಕ್ಕವರೆಲ್ಲ ಸೇರಿ ಕೂಗಲಿ, ಅವರಿಗೂ ಕೆಲಸ ಸಿಕ್ಕಿತು.

ಈಗ ನಾನು ಎಡವಿದ ಇನ್ನೊಂದು ಜಾಗ. ಈ ಆಟದ ಖುಷಿಯಲ್ಲಿ ಎರಡು ತಿಂಗಳು ದೊಡ್ಡವರನ್ನು ಬರೀ ಗಣಪ ಮಾಡಿಟ್ಟೆ. ಚೆನ್ನಾಗಿ ಬರೆಯುತ್ತಿದ್ದ ಒಂದು ಹುಡುಗಿ ಶನಿವಾರ ಬರೋದು ನಿಲ್ಲಿಸಿಬಿಟ್ಟಳು. ತರಕಾರಿ ಗಾಡಿ ಹತ್ತಿರ ಅವಳ ತಾಯಿ ಸಿಕ್ಕರು. ‘ನಾನೇನು ಅವರ ಕ್ಲರ್ಕಾ ಅಂತಾಳೆ ಮಿಸ್’ ಅಂದರು. ನಾಚಿಕೆಯಾಯಿತು ನನಗೆ. ಅಲ್ಲಿಂದ ಒಂದು ವಾರ ಚಿಕ್ಕವರ ಕಥೆ, ಮುಂದಿನ ವಾರ ದೊಡ್ಡವರದು ಅಂತ ಮಾಡಿದೆ. ದೊಡ್ಡವರ ವಾರದಲ್ಲಿ ಚಿಕ್ಕವರು ಕೇಳುಗರು. ಅವರು ಯಾವ ಸಾಲಿಗೆ ಪಕ್ಕದವನ ಚಡ್ಡಿ ಎಳೆಯೋಕೆ ಶುರು ಮಾಡಿದರೋ ಆ ಸಾಲು ಹೊಡೆದುಹಾಕಬೇಕು. ನಾನು ಹೇಳಿದ್ದರೆ ದೊಡ್ಡವರು ವಾದ ಮಾಡೋರು, ಇದಕ್ಕೆ ವಾದವೇ ಇಲ್ಲ.

ವಿಷಯ ಎಲ್ಲಿಂದ ತರೋದು ಅನ್ನುತ್ತೀರಿ. ಕತ್ರಿಗುಪ್ಪೆಯಿಂದ ಬಸವನಗುಡಿ ಏನು ದೂರ? ಕಾರ್ತಿಕ ಮಾಸದ ಕೊನೆಯ ಸೋಮವಾರ ಅಲ್ಲಿನ ದೊಡ್ಡ ಬಸವಣ್ಣನ ಗುಡಿ ಹತ್ತಿರ ಕಡಲೆಕಾಯಿ ಪರಿಷೆ. ಹಿಂದಿನ ದಿನ, ಭಾನುವಾರವೇ ಕರಕೊಂಡು ಹೋಗಿ, ಆಗಲೇ ರಾಶಿಗಳು ಬಿದ್ದಿರುತ್ತವೆ. ಸುಂಕೇನಹಳ್ಳಿಯ ರೈತರ ಕಡಲೆಕಾಯಿ ಹೊಲಕ್ಕೆ ಬಸವ ರಾತ್ರಿ ನುಗ್ಗುತ್ತಿದ್ದ ಅನ್ನೋ ಕಥೆಯನ್ನು ಅಲ್ಲೇ ನಿಂತು ಹೇಳಿ. ಹಾಗೇ ಕೇಳಿ, ‘ಇವತ್ತು ರಾತ್ರಿ ಬಸವ ಎದ್ದರೆ ಮೊದಲು ಯಾವ ಅಂಗಡಿಗೆ ಹೋಗ್ತಾನೆ?’ ಒಬ್ಬಳು ಹೇಳಿದ್ದು ನನಗೆ ಈಗಲೂ ನೆನಪಿದೆ: ಬಸವ ತಿನ್ನೋಕೆ ಬಂದ, ಆದರೆ ಸಿಪ್ಪೆ ಸುಲಿಯೋಕೆ ಅವನಿಗೆ ಕೈಯೇ ಇಲ್ಲ, ಅದಕ್ಕೇ ಅಂಗಡಿ ಅಜ್ಜಿಯನ್ನು ಎಬ್ಬಿಸಿದ. ಪರಿಷೆ ಇಲ್ಲದ ದಿನಕ್ಕೆ ಒಂದು ಚೀಲ ಇಟ್ಟುಕೊಳ್ಳಿ. ನನ್ನದರಲ್ಲಿ ಒಂಟಿ ಚಪ್ಪಲಿ, ಬೀಗ ಇಲ್ಲದ ಕೀ, ಹಳೇ ಬಸ್ ಟಿಕೆಟ್, ಹಲ್ಲು ಮುರಿದ ಬಾಚಣಿಗೆ ಇವೆ. ಒಂಟಿ ಚಪ್ಪಲಿಗೆ ಸಿಕ್ಕಾಪಟ್ಟೆ ಡಿಮ್ಯಾಂಡು.

ನನ್ನ ಕ್ಲಾಸಿನಲ್ಲಿ ಎರಡು ನಿಷೇಧಗಳಿವೆ. ಕೊನೆಯಲ್ಲಿ ‘ನೀತಿ:’ ಅಂತ ಬರೆಯಬಾರದು. ‘ಆಗ ಎಚ್ಚರವಾಯಿತು, ಅದೆಲ್ಲ ಕನಸು’ ಅನ್ನಬಾರದು. ಮೊದಮೊದಲು ಗೊಣಗುತ್ತಾರೆ, ಬಿಡಿ.

ಪ್ರಶ್ನೆ: ನಮ್ಮ ಮನೆಮಾತು ತೆಲುಗು. ಎರಡನೇ ಕ್ಲಾಸಿನ ಮಗ ಕನ್ನಡದಲ್ಲಿ ಕಥೆ ಹೇಳುವಾಗ ಮಧ್ಯೆ ತೆಲುಗಿಗೆ ಜಾರುತ್ತಾನೆ. ತಡೆಯಬೇಕಾ?
— ತಾಯಿಯೊಬ್ಬರು, ಯಲಹಂಕ

ಉತ್ತರ: ಬೇಡಮ್ಮ. ಬೆಂಗಳೂರಲ್ಲಿ ಯಾರ ಮನೆಯ ಅಜ್ಜಿ ಒಂದೇ ಭಾಷೆಯಲ್ಲಿ ಬೈಯುತ್ತಾರೆ ಹೇಳಿ? ಕಥೆಯ ಅಜ್ಜಿ ತೆಲುಗಲ್ಲೇ ಮಾತಾಡಲಿ, ಅದನ್ನು ಕನ್ನಡ ಅಕ್ಷರದಲ್ಲಿ ಬರೆಯಲಿ. ‘ಆಮೇಲೆ ಏನಾಯಿತು’ ಅನ್ನೋ ಭಾಗ ಕನ್ನಡದಲ್ಲಿರಲಿ. ಅವನ ಜೋಡಿಯ ಹುಡುಗನಿಗೆ ತೆಲುಗು ಬಾರದಿದ್ದರೆ ಇನ್ನೂ ಒಳ್ಳೆಯದು. ಅರ್ಥ ಕೇಳುತ್ತಾನೆ, ನಿಮ್ಮ ಮಗ ಕನ್ನಡದಲ್ಲಿ ಬಿಡಿಸಿ ಹೇಳಲೇಬೇಕಾಗುತ್ತದೆ.

ಪ್ರಶ್ನೆ: ಮಕ್ಕಳ ಕಥೆಯಲ್ಲಿ ಕಾಗುಣಿತದ ತಪ್ಪು ತಿದ್ದಬೇಕೋ ಬೇಡವೋ?
— ಶಿಕ್ಷಕರೊಬ್ಬರು, ಕೆಂಗೇರಿ

ಉತ್ತರ: ತಿದ್ದಬೇಕು, ಆದರೆ ಕಥೆ ಓದಿದ ದಿನ ಬೇಡ. ಮಗು ‘ಹುಲಿ ಸತ್ತುಹೋಯಿತು’ ಅಂತ ಗದ್ಗದವಾಗಿ ಓದುವಾಗ ‘ತ ಒತ್ತು ಎಲ್ಲಿ?’ ಅಂತ ಕೇಳಬೇಡಿ. ಮುಂದಿನ ವಾರ ಕಥೆಯನ್ನು ಪುಸ್ತಕ ಮಾಡೋಣ ಅನ್ನಿ. ಒಂದು ಎ4 ಹಾಳೆ ಎರಡು ಸಲ ಮಡಚಿ, ಮೇಲಿನ ಮಡಿಕೆ ಕತ್ತರಿಸಿದರೆ ಎಂಟು ಪುಟ. ‘ಪುಸ್ತಕದಲ್ಲಿ ತಪ್ಪಿರಬಾರದು, ಅಲ್ವಾ?’ ಅಂದರೆ ತಾವೇ ಬಂದು ಕೇಳುತ್ತಾರೆ. ಒಂದು ಕಥೆಗೆ ಮೂರು ತಪ್ಪು ಸಾಕು, ಜಾಸ್ತಿ ಹಿಡಿಯಬೇಡಿ. ಪೆನ್ಸಿಲ್ಲಿನಲ್ಲೇ ತಿದ್ದಿ. ಹೆಸರು ಹಾಕುವಾಗ ಎರಡೂ ಹೆಸರು ಬೇಕು: ‘ಹೇಳಿದ್ದು’ ಅಂತ ಒಂದು, ‘ಬರೆದದ್ದು’ ಅಂತ ಒಂದು. ಹಾಗೇ ಸ್ಟೇಪ್ಲರ್ ಪಿನ್ನಿನ ಚೂಪು ತುದಿಯ ಮೇಲೆ ಸೆಲ್ಲೋಟೇಪ್ ಹಚ್ಚಿ. ಚಿಕ್ಕವರು ಆ ಪುಸ್ತಕವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾರೆ.