ಸಮುದಾಯ ಅಂದರೆ ಸಂಸ್ಥೆಯೋ, ಅಲ್ಲಿಗೆ ಬರುವ ಜನರೋ?

ಬರವಣಿಗೆ ಕೋರ್ಸಿನ ವಿದ್ಯಾರ್ಥಿಗಳನ್ನು ಸೇವಾ ಸಂಸ್ಥೆಯೊಂದಕ್ಕೆ ಕಳಿಸುತ್ತಿದ್ದೀರಿ. ಸಿಲಬಸ್‌ನಲ್ಲಿ ಸಮುದಾಯ ಅಂತ ಸಂಸ್ಥೆಯನ್ನು ಕರೆಯಬೇಕೋ, ಅಲ್ಲಿಗೆ ಬರುವ ಜನರನ್ನೋ ಅಂತ ಕೇಳಿದ್ದೀರಿ. ಅದು ನೀವು ಏನು ಬರೆಸುತ್ತೀರಿ ಅನ್ನೋದರ ಮೇಲೆ ಹೋಗುತ್ತೆ.

ಬರವಣಿಗೆ ಬೋಧನೆಯ ಬಗ್ಗೆ ಬರೆಯುವ ಅಮೆರಿಕದ ವಿದ್ವಾಂಸ ಥಾಮಸ್ ಡೀನ್ಸ್ 2000ರಲ್ಲಿ ಇಂಥ ಕೋರ್ಸುಗಳಲ್ಲಿ ಮೂರು ಬಗೆ ಗುರುತಿಸಿದರು: ಸಮುದಾಯಕ್ಕಾಗಿ ಬರೆಯುವುದು, ಸಮುದಾಯದ ಬಗ್ಗೆ ಬರೆಯುವುದು, ಸಮುದಾಯದ ಜೊತೆ ಬರೆಯುವುದು. ಕರಪತ್ರ, ಅನುದಾನದ ಅರ್ಜಿ ಬರೆಸಿದರೆ ಅದು ಮೊದಲನೆಯದು. ಅದನ್ನು ಒಪ್ಪುವವರು, ತಿದ್ದುವವರು ಸಿಬ್ಬಂದಿ. ಹಾಗಾಗಿ ಸುಮ್ನೆ ‘ಸಂಸ್ಥೆ’ ಅಂತಲೇ ಬರೆಯಿರಿ.

ನನಗೆ ಜಾಸ್ತಿ ಕಸಿವಿಸಿ ಎರಡನೆಯದರಲ್ಲಿ. ವಿದ್ಯಾರ್ಥಿ ಅಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಆ ಅನುಭವದ ಮೇಲೆ ಪ್ರಬಂಧ ಬರೆಯುತ್ತಾನೆ. ಓದಿ ಅಂಕ ಕೊಡುವವರು ನೀವು. ಪ್ರಬಂಧದಲ್ಲಿ ಬರುವವರು ಅದನ್ನು ನೋಡುವುದೇ ಇಲ್ಲ. ‘ಬಡವರ ಕಣ್ಣಲ್ಲಿ ನಗು ಕಂಡೆ’ ಅನ್ನುವಂಥ ಸಾಲು ಹುಟ್ಟುವುದು ಇಲ್ಲೇ. ಅವರೇ ಓದುತ್ತಾರೆ ಅಂತ ಗೊತ್ತಿದ್ದರೆ ಯಾರೂ ಹಾಗೆ ಬರೆಯಲ್ಲ, ಅಲ್ವಾ?

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಸಮುದಾಯ ಸಾಕ್ಷರತಾ ಕೇಂದ್ರದಲ್ಲಿ ಮೂರನೆಯ ಬಗೆ ನಡೆಯಿತು. ಕಾಲೇಜು ವಿದ್ಯಾರ್ಥಿಗಳು ನಗರದ ಹದಿಹರೆಯದವರ ಜೊತೆ ಕೂತರು. ಆ ಹುಡುಗರು ತಮ್ಮ ಸಮಸ್ಯೆಗಳ ಬಗ್ಗೆ ಬರೆದು ಜನರ ಮುಂದೆ ಚರ್ಚೆಗಿಟ್ಟರು. ಒಳ್ಳೆಯ ದಾರಿ, ಆದರೆ ಒಂದು ಸೆಮಿಸ್ಟರಿಗೆ ಭಾರ.

ಇನ್ನೊಂದು ವಿಷಯ. ಸಿಲಬಸ್‌ನಲ್ಲಿ ‘ನಾವು’, ‘ಅವರು’ ಅಂತ ಗೆರೆ ಎಳೆಯಬೇಡಿ. ನಿಮ್ಮ ತರಗತಿಯಲ್ಲೇ ಅಂಥ ಸಂಸ್ಥೆಯ ನೆರವು ಪಡೆದು ಬೆಳೆದವರು ಇರಬಹುದು.